ಕಡದ ಗರಿ

ಸೆಪ್ಟೆಂಬರಿನ ಮೊದಲ ವಾರ
ಬಟೂಮಿಯ ಆಕಾಶಕ್ಕೆ ಪುರಸೊತ್ತಿಲ್ಲ.
ಕಪ್ಪು ಸಮುದ್ರಕ್ಕೂ ಬೆಟ್ಟಕ್ಕೂ ನಡುವಿನ ಇಕ್ಕಟ್ಟಿನಲ್ಲಿ
ಗಿಡುಗ, ಹದ್ದು, ಡೇಗೆ, ಮತ್ತೆ ಗಿಡುಗ,
ಎಲ್ಲವೂ ದಕ್ಷಿಣಕ್ಕೆ.
ಕೆಳಗೆ ಜೋಳದ ಹೊಲಗಳಲ್ಲಿ ಕೋವಿ.

ಜುಂಬೇರ್ ಬಂದ, ಕಿತ್ತಳೆ ತುಂಬುವ ಡಬ್ಬ ಹಿಡಿದು.
"ದಾರೀಲಿ ಬಿದ್ದಿತ್ತು."
ಅಂಗಿಯಲ್ಲಿ ಮದ್ದಿನ ವಾಸನೆ.
ಡಾಕ್ಟರು ತ್ಸಿಯೂರಿ ಏನೂ ಕೇಳಲಿಲ್ಲ.
ಕೇಳಿದರೆ ಮುಂದಿನ ಸಲ ಡಬ್ಬ ಬರುವುದಿಲ್ಲ,
ಹಕ್ಕಿ ಸಾರಿಗೆ ಹೋಗುತ್ತದೆ.

ಜೇನುಗಿಡುಗ. ತಲೆಗೆ ನನ್ನ ಹಳೆಯ ಕಾಲುಚೀಲ ತೊಡಿಸಿ
ಕಾಲು ಹಿಡಿದುಕೊಂಡೆ.
ಚಹಾದ ತಟ್ಟೆಗೆ ಠಣ್ ಎಂದಿತು ಒಂದು ಚರೆ,
ಇನ್ನೊಂದು.
ಮೂರನೆಯದು ಮೂಳೆಯ ಪಕ್ಕದಲ್ಲೇ ಹಾದಿತ್ತು, ಪುಣ್ಯ.
ಬಲರೆಕ್ಕೆಯ ನಾಲ್ಕು ಗರಿ ಮಾತ್ರ ಅರ್ಧಕ್ಕೆ ಮುರಿದು
ಸವೆದ ಪೊರಕೆಯಂತೆ.

ಕೋಳಿಮರಿ ಕೊಟ್ಟೆವು, ಇಲಿ ಕೊಟ್ಟೆವು.
ಹಳದಿ ಕಣ್ಣು ಗೋಡೆಯನ್ನೇ ನೋಡುತ್ತಿತ್ತು.
ಐದನೆಯ ದಿನ ಜುಂಬೇರ್ ಮತ್ತೆ ಬಂದ,
ತುಟಿ ಬದನೆಕಾಯಿ, ಒಂದು ಕಣ್ಣು ಮುಚ್ಚಿಹೋಗಿ,
ಕೈಯಲ್ಲಿ ಕಣಜದ ಗೂಡು.
ಹಕ್ಕಿಯ ಮುಖಕ್ಕೆ ಹುಟ್ಟಾ ಕವಚವಿದೆ,
ಇವನಿಗೆಲ್ಲಿ?
ಗೂಡು ಬಗೆಬಗೆದು ತಿಂದಿತು ಅದು,
ಒಂದೊಂದೇ ಹುಳು,
ಬಡ್ಡಿ ಲೆಕ್ಕ ಹಾಕುವವರ ಹಾಗೆ.

ಮೂಳೆ ತಾನೇ ಕೂಡುತ್ತದೆ, ಗರಿ ಹಾಗಲ್ಲ.
ಉದುರಿ ಹೊಸದು ಬರಲು ಕಾಲ ಬೇಕು,
ಚಳಿಗಾಲ ಕಾಯುವುದಿಲ್ಲ.
ಡ್ರಾಯರು ಎಳೆದೆ.
ಅಲ್ಲಿದ್ದಳು ಮೂರು ವರ್ಷದ ಹಿಂದಿನವಳು,
ಬರೀ ಗರಿಗಳಾಗಿ, ನಂಬರು ಹಾಕಿಸಿಕೊಂಡು.
ಚೀಟಿಯಲ್ಲಿ ನನ್ನದೇ ಅಕ್ಷರ:
ಹೆಣ್ಣು. ಬದುಕಲಿಲ್ಲ. ಕಿತ್ತಳೆ ಡಬ್ಬ.

ಹಿತ್ತಿಲ ಬಿದಿರು ಸೀಳಿ ಸೂಜಿಯಷ್ಟು ಕಡ್ಡಿ ಮಾಡಿ
ಅರ್ಧ ಇವನ ದಂಟಿಗೆ, ಅರ್ಧ ಅವಳ ಗರಿಗೆ,
ನಡುವೆ ಒಂದು ಹನಿ ಅಂಟು.
ಏಳನೆಯದಕ್ಕೆ ಏಳನೆಯದೇ.
ತ್ಸಿಯೂರಿ ಉಸಿರು ಬಿಗಿಹಿಡಿದಿದ್ದಳು;
ನಾನೂ.

ಬಿಟ್ಟದ್ದು ಅಕ್ಟೋಬರಿನ ಒಂದು ಒಣ ಬೆಳಿಗ್ಗೆ,
ಕಟ್ಟಕಡೆಯ ಗುಂಪುಗಳ ಹಿಂದೆ.
ಮೊದಲು ಓರೆಯಾಯಿತು. ಆಮೇಲೆ
ಬಿಸಿಗಾಳಿ ಸಿಕ್ಕಿತು.
ಜುಂಬೇರ್ ಕೈ ಅಡ್ಡ ಹಿಡಿದು ನೋಡುತ್ತಿದ್ದ.
"ಆ ನಾಲ್ಕು ಗರಿ ಯಾರದ್ದು?"
"ಒಂದು ಹಕ್ಕಿಯದು" ಎಂದೆ.

ಆಫ್ರಿಕದ ಯಾವುದೋ ಕಾಡಿನಲ್ಲಿ
ಹೊಸಗರಿ ತಳ್ಳಿ ಇವು ಉದುರುತ್ತವೆ.
ನಾಲ್ಕು ಗರಿಯಷ್ಟಾದರೂ
ಅವಳೂ ತಲುಪಿಯಾಳು.

ಮಾರನೆಯ ದಿನ ಬೆಟ್ಟದ ಆಚೆ ಮತ್ತೆ ಸದ್ದು,
ಎರಡು ಸಲ.
ಡಬ್ಬ ತೊಳೆದು
ಬಾಗಿಲ ಹೊರಗೆ, ಕೈಗೆಟುಕುವಲ್ಲಿ
ಒಣಗಲು ಇಟ್ಟೆ.