ಸೇತುವೆ ಕಾಯುತ್ತಿದ್ದವನು

ಔಷಧಿ ಅಂಗಡಿಯ ಗಾಜಿನ ಬಾಗಿಲು
ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು,
ಮತ್ತೆ ತೆರೆಯಿತು.
ಡೌವೆ ಒಳಗೂ ಇಲ್ಲ, ಹೊರಗೂ ಇಲ್ಲ.
ಬೂಟುಗಳು ಹೊಸ್ತಿಲ ರಬ್ಬರು ಪಟ್ಟಿಯನ್ನು ಕಚ್ಚಿಕೊಂಡಿವೆ,
ಮೈ ಮಾತ್ರ ಮುಂದಕ್ಕೆ ವಾಲಿದೆ,
ಗೂಟಕ್ಕೆ ಬಿಗಿದ ದೋಣಿ ಸೆಳವಿಗೆ ಜಗ್ಗುವ ಹಾಗೆ.

ಹಿಂದೆ ಮೂರು ಜನ.
ಒಬ್ಬಳ ತೋಳಲ್ಲಿ ಅಳುವ ಕೂಸು.
ಒಬ್ಬ ಬೀಗದ ಕೈಗೊಂಚಲು ಕುಲುಕುತ್ತಿದ್ದಾನೆ,
ಬೇಕೆಂದೇ ಅಲ್ಲ, ಇರಬಹುದು;
ಆ ಕಿಣಿಕಿಣಿ ಡೌವೆಯ ಬೆನ್ನು ಹತ್ತಿ ಕತ್ತಿಗೆ ಏರುವುದು
ನನಗೆ ಕಾಣುತ್ತದೆ.
ಬೆಳಗ್ಗೆ ಇದೇ ಕಾಲು ಅಡುಗೆಮನೆಯಲ್ಲಿ
ಮಲಗಿದ್ದ ಬೆಕ್ಕನ್ನು ದಾಟಿ ಕಾಫಿಗೆ ಹೋಗಿತ್ತು.

"ಗಾಬರಿ ಬೇಡ" ಅಂದೆ.
ಅನ್ನಬಾರದಿತ್ತು.
ಹೆಸರು ಹಿಡಿದರೆ ಸಾಕು, ಓಡಿ ಬರುವ ನಾಯಿ ಅದು.

ಮೂವತ್ತೊಂದು ವರ್ಷ ಇವನು
ಡೊಕ್ಕುಮಿನ ಕಾಲುವೆಯ ಮೇಲೆ ಸೇತುವೆ ಎತ್ತಿ ಇಳಿಸಿದವನು.
ದೋಣಿ ಬಂದರೆ ಗಂಟೆ, ಗಂಟೆಯಾದರೆ ಅಡ್ಡತೊಲೆ,
ಆಮೇಲೆ ಸನ್ನೆಗೋಲು; ರಸ್ತೆ ಮೆಲ್ಲಗೆ ಆಕಳಿಸುವುದು.
ಗಾಳದ ಕೋಲಿಗೆ ಮರದ ಮೆಟ್ಟು ಕಟ್ಟಿ
ಸುಂಕಕ್ಕೆಂದು ನೀರಿನ ಮೇಲೆ ಚಾಚುತ್ತಿದ್ದ;
ಬಿದ್ದ ನಾಣ್ಯ ಎಷ್ಟರದೆಂದು ಸದ್ದಿಗೇ ಹೇಳುತ್ತಿದ್ದ.

ಡಾಕ್ಟರ್ ಹೂಕ್ಸ್ಟ್ರಾ ಅದಕ್ಕೇ ಹೀಗೆ ವಿವರಿಸಿದರೇನೋ:
ಮಿದುಳಿನ ಆಳದಲ್ಲೂ ಒಬ್ಬ ಸೇತುವೆಯವನಿದ್ದಾನೆ,
ಅವನಿಗೆ ಡೋಪಮಿನ್ ಸಂಬಳ ಸರಿಯಾಗಿ ಬರುತ್ತಿಲ್ಲ.
ಒಂದು ದೋಣಿಯನ್ನು ಹೇಗೋ ಸಾಗಹಾಕುತ್ತಾನೆ.
ಭಯವೆಂದರೆ ಹತ್ತು ದೋಣಿ ಒಟ್ಟಿಗೇ ಹಾರನ್ ಬಾರಿಸಿದ ಹಾಗೆ.
ಸನ್ನೆಗೋಲು ಹಿಡಿದು ಸುಮ್ಮನೆ ನಿಂತುಬಿಡುತ್ತಾನೆ,
ಸೇತುವೆ ಅರ್ಧಕ್ಕೆ;
ನೀರಿನವರಿಗೂ ದಾರಿಯಿಲ್ಲ, ನೆಲದವರಿಗೂ ಇಲ್ಲ.

"ಅವನನ್ನು ಕೆಲಸದಿಂದ ತೆಗೆಯಿರಿ" ಎಂದು ಡೌವೆ ನಕ್ಕಿದ್ದ.
ಆ ರಾತ್ರಿ ದೀಪ ಆರಿಸಿದ ಮೇಲೆ
"ನಾನೂ ಒಮ್ಮೆ ಹಾಗೆ ನಿಂತಿದ್ದೆ, ಯೆಲ್ಟ್ಯೆ" ಅಂದ.
ಮಂಜಿನ ಸಂಜೆ. ರಸ್ತೆಯಲ್ಲಿ ಆಂಬುಲೆನ್ಸು,
ನೀರಿನಲ್ಲಿ ಎಂಜಿನ್ ಕೆಟ್ಟು ತೇಲಿಬರುವ ಮರಳಿನ ದೋಣಿ.
ಕೈಕಾಲೇ ಆಡಲಿಲ್ಲ.
ಮೂವತ್ತೈದರ ಗಟ್ಟಿ ಆಳು ಆಗ, ಯಾವ ರೋಗವೂ ಇರಲಿಲ್ಲ.
ಎಷ್ಟು ಹೊತ್ತು, ಕೇಳಿದೆ.
"ಗೊತ್ತಿಲ್ಲ. ಯಾರೂ ನೋಡಲಿಲ್ಲ."
ಆಮೇಲೆ ಏನಾಯಿತೆಂದು ಅವನು ಹೇಳಲಿಲ್ಲ,
ನಾನು ಹೊದಿಕೆ ಎಳೆದುಕೊಂಡೆ.

ಬಾಗಿಲು ಮತ್ತೆ ತೆರೆಯಿತು.
ಚೀಲದಿಂದ ಆ ಹಳೆಯ ಮೆಟ್ಟು ತೆಗೆದೆ,
ಹಳದಿ ಬಣ್ಣ ಅರ್ಧ ಹೋಗಿದೆ, ಹಿಮ್ಮಡಿ ಸೀಳಿದೆ.
ಅವನ ಬಲಗಾಲಿನ ಮುಂದೆ ಅಡ್ಡ ಇಟ್ಟೆ.
ನಡೆಯಬೇಡ, ಅಂದೆ. ಇದನ್ನು ದಾಟು, ಸಾಕು.

"ಸುಂಕ ಕೊಟ್ಟಿಲ್ಲ ಯಾರೂ" ಅಂದ ಡೌವೆ,
ತುಟಿ ಅಲ್ಲಾಡಿತೋ ಇಲ್ಲವೋ.
ಬೀಗದ ಕೈಯವನು ನನ್ನ ಮುಖ ನೋಡಿದ,
ಜೇಬು ತಡಕಿದ, ಬಗ್ಗಿದ.

"ಐವತ್ತು ಸೆಂಟ್."
ಕೆಳಗೆ ನೋಡದೆ ಹೇಳಿದ, ಕಾಲೆತ್ತುತ್ತ.

ಒಳಗೆ ಹೋದೆವು. ಮಾತ್ರೆ ತೆಗೆದುಕೊಂಡೆವು.
ವಾಪಸು ಬರಲೂ
ಅದೇ ಬಾಗಿಲು.