ಹದಿನಾಲ್ಕು ಮೊಳೆ

ದಸ್ತಗೀರ್ ಸಾಬರ ಗುಜರಿ, ಬಂಗಾರಪೇಟೆ.
ತಕ್ಕಡಿ ಪಕ್ಕದ ಗೋಣಿಯಲ್ಲಿ ಗರಗಸ,
ಹಿಡಿಯ ಮೇಲೆ ಮೊಳೆಯಲ್ಲಿ ಗೀರಿದ
ತಮಿಳಿನ ಒಂದೇ ಅಕ್ಷರ.
ಗಣಿ ಕಾಲೋನಿಯ ಯಾರದೋ.
ಅವನ ಬೆರಳು ಸವೆಸಿದ ಗುಳಿಯಲ್ಲಿ
ನನ್ನ ಬೆರಳು ಅಳತೆ ಕೊಟ್ಟಂತೆ ಕೂತವು.

‘ನೂರೆಂಬತ್ತು.’
‘ನೂರಿಪ್ಪತ್ತು ತಗೊಳ್ಳಿ ಸಾಬರೆ.’
‘ಮನೇಲಿ ಜಾಗ ಇದೆಯಾ, ಮೇಷ್ಟ್ರೆ?’

ಗೋಡೆಗೆ ಹದಿನಾಲ್ಕೇ ಮೊಳೆ.
ಸುಗುಣ ಹಾಕಿದ ಕಟ್ಟಳೆ:
ಒಂದು ಬಂದರೆ ಒಂದು ಇಳಿಯಬೇಕು.

ರಾತ್ರಿ ಒಂದೊಂದೇ ಹಲ್ಲಿಗೆ ಅರ ಹಾಕಿದೆ.
ಹಲಸಿನ ತುಂಡು ಹಳದಿ ಪುಡಿ ಉಗುಳಿತು.
ಬಾಚಿ ಇಳಿಸಿದೆ, ಒರೆಸಿ ಮತ್ತೆ ತೂಗುಹಾಕಿದೆ.
ಬೈರಿಗೆ? ಚಿಂತಾಮಣಿ ಸಂತೆಯಿಂದ
ಮಳೆಗೆ ನೆನೆದು ತಂದದ್ದು, ಅದೂ ಆಗದು.
ಎರಡು ಸುತ್ತಿಗೆ ಇದ್ದವಲ್ಲ,
ಒಂದನ್ನು ಇಳಿಸಿದೆ, ಕೊಟ್ಟುಬಿಡೋಣವೆಂದು.

ಕೈಯಲ್ಲಿ ಸುತ್ತಿಗೆ. ಎದುರಿಗೆ ಸುಣ್ಣದ ಗೋಡೆ.

ಒಳಗಿನಿಂದ ಸುಗುಣ:
‘ಏನ್ರೀ ಅದು ಸದ್ದು?’