ಮುಟ್ಟಬೇಡ, ಇನ್ನೂ ಹಸಿ

ಬಾಗಿಲು ಹಾಕಿಕೊಂಡು ಬಾ, ಚೆರೋಟಿಚ್.
ಧೂಳು ನಿನ್ನ ಬೆನ್ನಿಗೇ ನುಗ್ಗುತ್ತೆ, ಕರೆಯದ ನೆಂಟ.
ಬೆಳಗಿಂದ ನಾಲ್ಕು ಸಲ ನೆಲಕ್ಕೆ ನೀರು ಚಿಮುಕಿಸಿದೀನಿ,
ತಗಡಿನ ಸಂದಿಗೆಲ್ಲ ಒದ್ದೆ ಗೋಣಿ ತುರುಕಿದೀನಿ,
ಫ್ಯಾನು ನಿಲ್ಲಿಸಿ ನನ್ನ ಬೆವರಲ್ಲಿ ನಾನೇ ಬೆಂದಿದೀನಿ,
ಒಂದು ಕಣ ಕೂರಬಾರದು ಅಂತ.
ನೀನೋ, ಶನಿವಾರ ಇದನ್ನ
ಎಲ್ಮೆಂಟೈಟಾದ ಆ ಹಿಟ್ಟಿನಂಥ ಮಣ್ಣಿಗೇ ಒಯ್ತೀಯ.
ನಗು ಬರುತ್ತೆ. ನಗ್ತೀನಿ.
ಮತ್ತೆ ಸ್ಪ್ರೇ ಗನ್ನು ತೊಳೀತೀನಿ.

ಕೆರೆಯುವಾಗ ನೀನಿರಬೇಕಿತ್ತು.
ಐವತ್ತು ವರ್ಷದ ಪ್ಯೂಜೋ.
ಮೇಲಿನದು ಹಸಿರು, ಮೊಲೊ ಶಾಲೆಯ ಹೆಡ್ಮಾಸ್ತರರದು,
ಗೇಟಿಗೆ ಬಳಿದು ಮಿಕ್ಕದ್ದನ್ನ ಬ್ರಷ್ಷಲ್ಲೇ ಬಳಿದದ್ದು.
ಅದರಡಿ ಟ್ಯಾಕ್ಸಿಯ ಹಳದಿ ಪಟ್ಟಿ.
ಅದರಡಿ ಕಪ್ಪು. ಕಪ್ಪು ಯಾಕೆ ಅಂತ ತಿಳೀಲಿಲ್ಲ,
ಡಿಕ್ಕಿಯ ಮೂಲೆಯಲ್ಲಿ ಒಣಗಿದ ಹೂದಂಡೆಯ ತಂತಿ ಸಿಗೋ ತನಕ.
ಸೋಪಿನ ನೀರು ಹಸಿರಾಗಿ ಹರೀತು, ಹಳದಿಯಾಗಿ, ಕಪ್ಪಾಗಿ;
ಒಡೆಯರೆಲ್ಲ ಒಬ್ಬೊಬ್ಬರಾಗಿ
ಮೋರಿಗೆ ಇಳಿದು ಹೋದರು.

ನಿನಗೆ ತೂಕದ್ದೇ ಚಿಂತೆ.
"ಪುಟ್ಟಿ ಮೆತ್ತಬೇಡ ಸಿಮಿಯು, ಗ್ರಾಂ ಗ್ರಾಂ ಲೆಕ್ಕ."
ಮೆತ್ತಲಿಲ್ಲ. ತುಕ್ಕು ಕತ್ತರಿಸಿ ಹೊಸ ತಗಡು ಬೆಸೆದೆ,
ಮರದ ಸುತ್ತಿಗೆಯಲ್ಲಿ ತಟ್ಟಿ ಅಂಗೈಯಲ್ಲಿ ನೋಡಿದೆ.
ಕಣ್ಣು ಮೋಸ ಹೋಗುತ್ತೆ, ಅಂಗೈ ಹೋಗಲ್ಲ.
ಕಣ್ಮುಚ್ಚಿ ಸವರಿದರೆ ತಗ್ಗು ತಾನೇ ಓ ಅನ್ನುತ್ತೆ.
ಕೆರೆದ ಸಿಪ್ಪೆಯನ್ನೆಲ್ಲ ಒಡೆರಾ ತಕ್ಕಡಿಗೆ ಹಾಕಿದ:
ಐದೂವರೆ ಕಿಲೋ. ಒಂದು ಆಡಿನ ಮರಿ
ಕಾರಿಂದ ಇಳಿದು ನಡೆದುಹೋದ ಹಾಗೆ.

ಆಮೇಲೆ ಬಲಬಾಗಿಲು.
ಕಪ್ಪಿನ ಕೆಳಗೆ ಬಿಳಿ, ಬಿಳಿಯ ಮೇಲೆ ಅಂಕಿ.
ಮೂರು. ಪಕ್ಕದಲ್ಲಿ ಏಳು.
ಏಳರ ಸೊಂಟಕ್ಕೊಂದು ಅಡ್ಡಗೀಟು,
ಗೀಟಿನ ತುದಿ ಮೇಲಕ್ಕೆ ಬಾಗಿದೆ, ಬೆಕ್ಕಿನ ಬಾಲ.
ಹಾಗೆ ಏಳು ಬರೆಯೋನು ನಕುರುವಿನಲ್ಲಿ ಒಬ್ಬನೇ ಇದ್ದ.
ಹದಿನಾರು ವರ್ಷ ಅವನಿಗೆ;
ಕೂಲಿ ಒಂದು ಸೋಡಾ, ಅರ್ಧ ಬ್ರೆಡ್ಡು.
ಆ ಬಾಲಕ್ಕೆ ಮೇಸ್ತ್ರಿ ತಲೆಗೆ ಮೊಟಕಿದ್ದ.
ಒರೆಸೋಕೆ ಹೊತ್ತಿರಲಿಲ್ಲ, ಕಾರು ಹೊರಟೇಬಿಟ್ಟಿತು,
ಎರಡನೇ ದಿನ ಯಾವುದೋ ಹೊಳೆಯಲ್ಲಿ ಕೆಟ್ಟು ನಿಂತಿತಂತೆ.

ಬಕೆಟ್ಟು ಬೋರಲು ಹಾಕಿ ಕೂತುಬಿಟ್ಟೆ.
ಥಿನ್ನರು ತಲೆಗೇರಿತು ಅಂದುಕೊಂಡು
ಒಡೆರಾ ಹಾಲು ತಂದ. ಕುಡಿದೆ.

ಎರಡು ದಿನ ಆ ಬಾಗಿಲು ಮುಟ್ಟಲಿಲ್ಲ.
ಉಳಿಸು ಅಂತೀಯೇನೋ ಅಂತ ಹೆದರಿಕೆ,
ಕೆರೆ ಅಂತೀಯೇನೋ ಅಂತಲೂ.
ಕೊನೆಗೆ ಕೇಳದೇನೇ ಕೆರೆದೆ.
ಸಡಿಲ ಬಣ್ಣದ ಮೇಲೆ ಹೊಸದು ನಿಲ್ಲಲ್ಲ, ಅಂಚು ಏಳುತ್ತೆ.
ಇದು ಎದೆಯ ಮಾತಲ್ಲ, ಕಸುಬಿನ ಮಾತು.

ಬಿಳಿ ಮಾತ್ರ ಅದೇ ಬಿಳಿ.
ಡ್ಯಾಶ್‌ಬೋರ್ಡಿನ ಹಿಂದೆ, ಬಿಸಿಲೇ ಕಾಣದ ಕಡೆ
ಉಗುರಗಲ ಉಳಿದಿತ್ತು;
ಅದರ ಪಕ್ಕ ಹಿಡಿದು ಹಿಡಿದು ಹನ್ನೊಂದು ಸಲ ಬೆರೆಸಿದೆ.
ಚಿಟಿಕೆ ಹಳದಿ, ಸೂಜಿಮೊನೆಯಷ್ಟು ಕಪ್ಪು.
ಕಪ್ಪಿಲ್ಲದೆ ಬಿಳಿ ಮಂಕು, ಗೊತ್ತಾ?

ಒಂದೇ ಕೇಳಿಕೆ. ನಿನಗೆ ಬಂದ ಅಂಕಿ ಹದಿನೇಳು ತಾನೇ?
ಆ ಅಂಟಿಸೋ ಸ್ಟಿಕ್ಕರು ಬೇಡ.
ಬ್ರಷ್ಷು ತೊಳೆದಿಟ್ಟಿದೀನಿ. ಕೈ ಈಗ ನಡುಗುತ್ತೆ, ನಿಜ.
ಬಾಲ ಎಳೆಯುವಾಗ ನಡುಗಿದರೆ
ಬೆಕ್ಕು ಬದುಕಿದೆ ಅಂತ.

ಬಾ, ಹತ್ತಿರ ಬಾ. ಮುಟ್ಟಬೇಡ, ಇನ್ನೂ ಹಸಿ.
ಬಾನೆಟ್ಟಿನ ಮೇಲೆ, ಇಗೋ, ಕೆರೆ ಕಡೆಯಿಂದ ಬಂದ ನೊಣ.
ಇಷ್ಟು ಗೋಣಿ, ಇಷ್ಟು ನೀರು; ಅದು ಹೇಗೋ ಬಂತು.
ಚಿಮಟ ಹಿಡಿದು ನಿಂತೆ,
ಬೆಣ್ಣೆಯಿಂದ ಕೂದಲು ತೆಗೆಯೋನ ಹಾಗೆ.
ರೆಕ್ಕೆ ಎರಡೂ ಹರಡಿ ಕೂತಿತ್ತು, ಮುಖ ರಸ್ತೆಯ ಕಡೆ.
ಬಿಟ್ಟುಬಿಟ್ಟೆ. ಅದೂ ಬರಲಿ.
ತೂಕ ಎಷ್ಟಾದೀತು?